ನೆಟ್ ನಿಂತರೆ ಹ್ಯಾಕರ್‌ಗಳ ಕೈವಾಡವೇ? ಅಪ್‌ಡೇಟ್ ಮತ್ತು ‘ಗೊತ್ತಿರುವ ದೋಷ’ಗಳ ಅಸಲಿ ಕಥೆ

‘ಇನ್ನು ಮುಂದೆ ರಾತ್ರಿ 11.30ರಿಂದ ಬೆಳಿಗ್ಗೆ 6ರವರೆಗೆ ವಾಟ್ಸಾಪ್ ಬಂದ್. ಕೇಂದ್ರ ಸರ್ಕಾರದ ಆದೇಶ. ಈ ಮೆಸೇಜನ್ನು ನಿಮ್ಮ ಎಲ್ಲ ಕಾಂಟ್ಯಾಕ್ಟ್‌ಗಳಿಗೂ ಕಳಿಸಿ. ಕಳಿಸದಿದ್ದರೆ ಅಕೌಂಟ್ ಡಿಲೀಟ್ ಆಗುತ್ತದೆ, ಮತ್ತೆ ಚಾಲೂ ಮಾಡಲು ದುಡ್ಡು ಕಟ್ಟಬೇಕು.’

ಈ ಧಾಟಿಯ ಸಂದೇಶ ನಿಮಗೂ ಬಂದಿರಬಹುದು. 2019ರ ಜುಲೈನಲ್ಲಿ ವಾಟ್ಸಾಪಿನಲ್ಲಿ ಫೋಟೋಗಳು ತೆರೆಯದೆ ಕೈಕೊಟ್ಟಾಗ ಇದು ಓಡಾಡಿತ್ತು. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತುಹೋದ ಮೇಲೆ ಮತ್ತೆ ಎದ್ದು ಬಂತು. ನನ್ನ ಅತ್ತೆ ಇದನ್ನು ನನಗೆ ಕಳಿಸಿ, ‘ನೋಡಮ್ಮ, ಇದು ನಿಜಾನಾ?’ ಎಂದು ಕೇಳಿದ್ದರು. ನಿಜವಲ್ಲ. ಅಂಥ ಆದೇಶವೇ ಇರಲಿಲ್ಲ.

ಆದರೆ ಅತ್ತೆಯ ಎರಡನೇ ಪ್ರಶ್ನೆಗೆ ನನ್ನ ಬಳಿ ತಕ್ಷಣ ಉತ್ತರವಿರಲಿಲ್ಲ. ‘ಹಾಗಾದರೆ ಅಷ್ಟು ದೊಡ್ಡ ಕಂಪನಿ ರಾತ್ರಿಯಿಡೀ ಯಾಕೆ ನಿಂತುಹೋಯಿತು?’ ನಾನು ಎಂಜಿನಿಯರ್ ಅಲ್ಲ, ಸಂವಹನ ಓದಿದವಳು. ಸುಳ್ಳು ಸುದ್ದಿ ಹೇಗೆ ಹರಡುತ್ತದೆ ಎಂದು ಗಮನಿಸುವುದು ನನ್ನ ಕೆಲಸ. ಸರಿಯಾದ ಉತ್ತರ ಸಿಗದ ಜಾಗವನ್ನು ಸುಳ್ಳು ಬೇಗ ತುಂಬಿಕೊಳ್ಳುತ್ತದೆ. ಆದ್ದರಿಂದ ಆ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕೋಣ.

ಟ್ರಾಫಿಕ್ ನಿಭಾಯಿಸುವ ಯಂತ್ರ ಎಂದರೇನು?

ಒಂದು ದೊಡ್ಡ ಮದುವೆಯನ್ನು ನೆನಪಿಸಿಕೊಳ್ಳಿ. ಮುಹೂರ್ತ ಮುಗಿದ ಕೂಡಲೇ ಸಾವಿರ ಜನ ಊಟದ ಹಾಲ್ ಕಡೆ ಹೊರಡುತ್ತಾರೆ. ಬಾಗಿಲಲ್ಲಿ ಮನೆಯವರೊಬ್ಬರು ನಿಂತು, ‘ನೀವು ಈ ಸಾಲಿಗೆ ಬನ್ನಿ, ನೀವು ಮಹಡಿಗೆ ಹೋಗಿ, ನೀವು ಮುಂದಿನ ಪಂಕ್ತಿಗೆ ಕೂರಿ’ ಎಂದು ಕಳಿಸುತ್ತಿರುತ್ತಾರೆ. ಅವರು ಅಡುಗೆ ಮಾಡುವುದಿಲ್ಲ, ಬಡಿಸುವುದೂ ಇಲ್ಲ. ಆದರೆ ಅವರಿಲ್ಲದಿದ್ದರೆ ಒಂದು ಕಡೆ ನೂಕುನುಗ್ಗಲು, ಇನ್ನೊಂದು ಕಡೆ ಖಾಲಿ ಎಲೆ.

ಇಂಟರ್ನೆಟ್‌ನಲ್ಲಿ ಈ ಕೆಲಸ ಮಾಡಲು ಬೇರೆ ಬೇರೆ ಯಂತ್ರಗಳಿವೆ. ಯಾವ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕು ಎಂದು ತೀರ್ಮಾನಿಸುವುದು ರೂಟರ್. ಒಂದೇ ಜಾಲತಾಣಕ್ಕೆ ಲಕ್ಷಾಂತರ ಜನ ಬಂದಾಗ ಅವರನ್ನು ಹಲವು ಸರ್ವರ್‌ಗಳಿಗೆ ಹಂಚುವುದು ಲೋಡ್ ಬ್ಯಾಲೆನ್ಸರ್. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡುವುದು ಫೈರ್‌ವಾಲ್. ಪರೀಕ್ಷೆಯ ಫಲಿತಾಂಶ ಬಂದ ದಿನ ಮಕ್ಕಳು, ಅಪ್ಪ ಅಮ್ಮ, ಸೈಬರ್ ಸೆಂಟರ್‌ನವರು ಎಲ್ಲರೂ ಒಂದೇ ತಾಣಕ್ಕೆ ನುಗ್ಗುತ್ತಾರಲ್ಲ, ಆಗ ಭಾರ ಬೀಳುವುದು ಮೊದಲು ಈ ಬಾಗಿಲ ಮೇಲೆಯೇ.

ಇವು ನೋಡಲು ದೀಪ ಮಿಣುಕುವ ಕಬ್ಬಿಣದ ಡಬ್ಬಿಗಳು. ಒಳಗೆ ಇರುವುದು ಸಾಫ್ಟ್‌ವೇರ್. ಸಾಫ್ಟ್‌ವೇರ್ ಬರೆಯುವುದು ಮನುಷ್ಯರು, ಆದ್ದರಿಂದ ಅದರಲ್ಲಿ ತಪ್ಪು ಇದ್ದೇ ಇರುತ್ತದೆ. ಆ ತಪ್ಪು ತಿದ್ದಲು ಬರುವುದೇ ಅಪ್‌ಡೇಟ್. ನಮ್ಮ ಫೋನಿಗೆ ಬರುವ ಹಾಗೆಯೇ ಅವುಗಳಿಗೂ ಬರುತ್ತದೆ. ಒಂದೇ ವ್ಯತ್ಯಾಸ: ನಮ್ಮ ಫೋನ್ ಕೆಟ್ಟರೆ ನಮಗೆ ಮಾತ್ರ ತೊಂದರೆ, ಈ ಡಬ್ಬಿ ಕೆಟ್ಟರೆ ಊರಿಗೇ ತೊಂದರೆ.

ಆ ರಾತ್ರಿ ಫೇಸ್‌ಬುಕ್‌ನಲ್ಲಿ ಆದದ್ದೇನು?

ಭಾರತದಲ್ಲಿ ಆಗ ರಾತ್ರಿ 9 ದಾಟಿತ್ತು. ಸುಮಾರು 350 ಕೋಟಿ ಜನ ಬಳಸುವ ಸೇವೆಗಳು ಒಮ್ಮೆಲೇ ಮಾಯವಾದವು, ಬೆಳಗಿನ ಜಾವದ ಹೊತ್ತಿಗೆ ಮರಳಿ ಬಂದವು. ಆ ಆರು ಗಂಟೆಗಳಲ್ಲಿ ‘ಹ್ಯಾಕ್ ಆಗಿದೆ’, ‘ಡೇಟಾ ಎಲ್ಲ ಮಾರಾಟವಾಗಿದೆ’ ಎಂಬ ಸಂದೇಶಗಳು ಬೇರೆ ಆ್ಯಪ್‌ಗಳಲ್ಲಿ ಹರಿದಾಡಿದವು.

ಮರುದಿನ ಕಂಪನಿಯ ಎಂಜಿನಿಯರಿಂಗ್ ವಿಭಾಗ ನಡೆದದ್ದನ್ನು ಬರೆದು ಪ್ರಕಟಿಸಿತು. ಅವರ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಮುಖ್ಯ ಜಾಲದ ನಿರ್ವಹಣೆ ನಡೆಯುತ್ತಿತ್ತು. ಜಾಲದಲ್ಲಿ ಎಷ್ಟು ಸಾಮರ್ಥ್ಯ ಉಳಿದಿದೆ ಎಂದು ನೋಡಲು ಒಂದು ಕಮಾಂಡ್ ಕೊಟ್ಟರು. ಆ ಕಮಾಂಡ್ ಇಡೀ ಜಾಲದ ಕೊಂಡಿಗಳನ್ನೇ ಕಳಚಿಹಾಕಿತು. ಇಂಥ ಅಪಾಯಕಾರಿ ಕಮಾಂಡ್‌ಗಳನ್ನು ತಡೆಯಲೆಂದೇ ಒಂದು ಸಾಫ್ಟ್‌ವೇರ್ ಕಾವಲಿತ್ತು. ಆ ಕಾವಲಿನಲ್ಲೇ ಒಂದು ದೋಷವಿದ್ದುದರಿಂದ ಅದು ತಡೆಯಲಿಲ್ಲ.

ಡೇಟಾ ಸೆಂಟರ್‌ಗಳ ಸಂಪರ್ಕ ತಪ್ಪಿದ್ದನ್ನು ಕಂಡ ಅವರ ಡಿಎನ್‌ಎಸ್ ಸರ್ವರ್‌ಗಳು, ಅಂದರೆ ‘ಫೇಸ್‌ಬುಕ್ ಎಲ್ಲಿದೆ’ ಎಂದು ಜಗತ್ತಿಗೆ ವಿಳಾಸ ಹೇಳುವ ಯಂತ್ರಗಳು, ‘ನಮಗೆ ಬರುವ ದಾರಿ ಇದು’ ಎಂಬ ಘೋಷಣೆಯನ್ನು ತಾವಾಗಿಯೇ ಹಿಂತೆಗೆದುಕೊಂಡವು. ಮನೆ ಅಲ್ಲೇ ಇತ್ತು, ಆದರೆ ಯಾರ ಬಳಿಯೂ ವಿಳಾಸ ಉಳಿಯಲಿಲ್ಲ. ದೂರದಿಂದ ಸರಿಪಡಿಸುವ ಸಾಧನಗಳೂ ಅದೇ ಜಾಲದ ಮೇಲೆ ನಿಂತಿದ್ದವು. ಎಂಜಿನಿಯರ್‌ಗಳು ಖುದ್ದಾಗಿ ಡೇಟಾ ಸೆಂಟರ್‌ಗಳಿಗೆ ಹೋಗಬೇಕಾಯಿತು. ಅಲ್ಲಿನ ಬಿಗಿ ಭದ್ರತೆ ದಾಟಿ ಯಂತ್ರ ಮುಟ್ಟುವಷ್ಟರಲ್ಲಿ ಇನ್ನಷ್ಟು ಹೊತ್ತು ಕಳೆಯಿತು.

ಹೊರಗಿನ ಹ್ಯಾಕರ್ ಇಲ್ಲ, ಸರ್ಕಾರದ ಆದೇಶವಿಲ್ಲ. ನಿರ್ವಹಣೆಯ ಸಮಯದ ಒಂದು ತಪ್ಪು, ತಪ್ಪು ಹಿಡಿಯಬೇಕಾದ ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ತಪ್ಪು. ಅಷ್ಟೇ.

‘ಹ್ಯಾಕರ್‌ಗಳೇ ಇರಬೇಕು’: ಅನುಮಾನ ಇಂದಿನದಲ್ಲ

ಈ ಅನುಮಾನಕ್ಕೆ ವಾಟ್ಸಾಪ್‌ಗಿಂತ ಹೆಚ್ಚು ವಯಸ್ಸಾಗಿದೆ. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರವಾಣಿ ಜಾಲ ಸುಮಾರು 9 ಗಂಟೆ ಕಾಲ ಕುಸಿಯಿತು. ಕೋಟಿಗಟ್ಟಲೆ ಕರೆಗಳು ಸೇರಲಿಲ್ಲ. ಆಗಲೂ ಹಲವರ ಬೆರಳು ಹ್ಯಾಕರ್‌ಗಳ ಕಡೆಗೇ ತೋರಿತು.

ಕಾರಣ ಬೇರೆಯೇ ಆಗಿತ್ತು. ಕರೆಗಳನ್ನು ದಾಟಿಸುವ 114 ದೊಡ್ಡ ಸ್ವಿಚ್‌ಗಳಿಗೆ ಹಿಂದಿನ ತಿಂಗಳಷ್ಟೇ ಹೊಸ ಸಾಫ್ಟ್‌ವೇರ್ ಹಾಕಲಾಗಿತ್ತು. ತೊಂದರೆಗೊಳಗಾದ ಸ್ವಿಚ್ ಬೇಗ ಚೇತರಿಸಿಕೊಳ್ಳಲಿ ಎಂಬುದೇ ಅದರ ಉದ್ದೇಶ. ಆದರೆ ಅದರಲ್ಲಿ ಒಂದು ಸೂಚನೆ ತಪ್ಪು ಜಾಗದಲ್ಲಿ ಕೂತಿತ್ತು. ಒಂದು ತಿಂಗಳು ಏನೂ ಆಗಲಿಲ್ಲ. ಆ ದಿನ ನ್ಯೂಯಾರ್ಕ್‌ನ ಒಂದು ಸ್ವಿಚ್ ಸಣ್ಣ ತೊಂದರೆಯಿಂದ ಚೇತರಿಸಿಕೊಂಡು, ‘ನಾನು ಸರಿಯಾದೆ’ ಎಂದು ನೆರೆಯ ಸ್ವಿಚ್‌ಗಳಿಗೆ ತಿಳಿಸಿತು. ಆ ಸುದ್ದಿಯ ಬೆನ್ನಿಗೇ ಇನ್ನೊಂದು ಸಂದೇಶ ಬಂದರೆ ಹೊಸ ಸಾಫ್ಟ್‌ವೇರ್ ಗಲಿಬಿಲಿಗೊಳ್ಳುತ್ತಿತ್ತು. ನೆರೆಯವು ಬಿದ್ದವು, ಎದ್ದವು, ‘ನಾವು ಸರಿಯಾದೆವು’ ಎಂದು ತಮ್ಮ ನೆರೆಯವರಿಗೆ ಹೇಳಿದವು. ಅವೂ ಬಿದ್ದವು. ಇದು ಸರಪಳಿಯಾಗಿ ಹಬ್ಬಿತು. ಕೊನೆಗೆ ಜಾಲದಲ್ಲಿ ಹರಿಯುವ ಸಂದೇಶಗಳ ಭಾರ ಇಳಿಸಿದ ಮೇಲೆ ಅದು ತಹಬಂದಿಗೆ ಬಂತು. ಆಮೇಲೆ ಹಳೆಯ ಸಾಫ್ಟ್‌ವೇರನ್ನೇ ಮರಳಿ ಹಾಕಿದರು.

ಇಲ್ಲಿ ಗಮನಿಸಬೇಕಾದದ್ದು: ಅಪ್‌ಡೇಟಿನ ದೋಷ ಅಪ್‌ಡೇಟ್ ಹಾಕಿದ ದಿನವೇ ಕಾಣಿಸಿಕೊಳ್ಳಬೇಕೆಂದಿಲ್ಲ. ಬೂದಿಯೊಳಗಿನ ಕೆಂಡದ ಹಾಗೆ ತಿಂಗಳುಗಟ್ಟಲೆ ಸುಮ್ಮನಿದ್ದು, ಸರಿಯಾದ ಗಾಳಿ ಬೀಸಿದಾಗ ಹೊತ್ತಿಕೊಳ್ಳಬಹುದು.

‘ಗೊತ್ತಿರುವ ದೋಷ’ಗಳ ಪಟ್ಟಿ ಎಂದರೆ ಕಂಪನಿಯ ತಪ್ಪೊಪ್ಪಿಗೆಯೇ?

ಇಂಥ ಯಂತ್ರಗಳಿಗೆ ಪ್ರತಿ ಸಲ ಹೊಸ ಸಾಫ್ಟ್‌ವೇರ್ ಬಂದಾಗ ಜೊತೆಗೆ ಒಂದು ಟಿಪ್ಪಣಿ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಮೂರು ಭಾಗ. ಹೊಸದಾಗಿ ಏನು ಸೇರಿದೆ, ಹಿಂದಿನ ಯಾವ ತಪ್ಪುಗಳು ಸರಿಯಾಗಿವೆ, ಇನ್ನೂ ಯಾವ ತಪ್ಪುಗಳು ಉಳಿದಿವೆ. ಈ ಮೂರನೆಯದೇ ‘ಗೊತ್ತಿರುವ ದೋಷ’ಗಳ ಪಟ್ಟಿ. ‘ಇಂಥ ಮಾದರಿಯಲ್ಲಿ ಇಂಥ ಸೌಲಭ್ಯ ಬಳಸಿದರೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗಬಹುದು, ಸದ್ಯಕ್ಕೆ ಹೀಗೆ ಮಾಡಿ ತಪ್ಪಿಸಿಕೊಳ್ಳಿ’ ಎಂಬ ಧಾಟಿಯಲ್ಲಿ ಬರೆದಿರುತ್ತಾರೆ.

ಇಂಥ ಪಟ್ಟಿಯ ಸ್ಕ್ರೀನ್‌ಶಾಟ್ ಹಿಡಿದು ‘ನೋಡಿ, ಕಂಪನಿಯೇ ಒಪ್ಪಿಕೊಂಡಿದೆ’ ಎಂದು ಹಂಚುವವರಿದ್ದಾರೆ. ಅದು ತಪ್ಪು ಓದು. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯಲ್ಲಿ ಅಡ್ಡಪರಿಣಾಮಗಳ ಪಟ್ಟಿ ಇರುತ್ತದೆ. ಅದನ್ನು ಓದಿ ‘ಈ ಔಷಧಿ ವಿಷ’ ಎಂದು ಯಾರೂ ತೀರ್ಮಾನಿಸಬಾರದು. ಯಾರು ಎಚ್ಚರಿಕೆಯಿಂದ ಇರಬೇಕು ಎಂದು ತಿಳಿಸಲೆಂದೇ ಆ ಚೀಟಿ ಇರುವುದು. ದೋಷಗಳ ಪಟ್ಟಿಯೇ ಇಲ್ಲದ ಸಾಫ್ಟ್‌ವೇರ್ ಸಿಕ್ಕರೆ, ಅದರಲ್ಲಿ ದೋಷವಿಲ್ಲ ಎಂದಲ್ಲ, ಯಾರೂ ಹುಡುಕಿಲ್ಲ ಅಥವಾ ಹೇಳುತ್ತಿಲ್ಲ ಎಂದೇ ಅರ್ಥ.

ದೋಷಗಳಲ್ಲೂ ಎರಡು ಜಾತಿ. ಒಂದು, ಕೆಲಸ ಕೆಡಿಸುವ ದೋಷ. ಯಂತ್ರ ನಿಧಾನವಾಗುತ್ತದೆ, ನಿಲ್ಲುತ್ತದೆ. ಇನ್ನೊಂದು, ಕಳ್ಳನಿಗೆ ದಾರಿಯಾಗುವ ದೋಷ. ಎರಡನೆಯ ಜಾತಿಯವಕ್ಕೆ ಜಗತ್ತಿನಾದ್ಯಂತ ಒಂದೇ ಕ್ರಮದಲ್ಲಿ ‘ಸಿವಿಇ’ ಎಂಬ ಗುರುತಿನ ಸಂಖ್ಯೆ ಕೊಡುತ್ತಾರೆ. ಅಪಾಯ ಎಷ್ಟು ಎಂಬುದಕ್ಕೆ 0ಯಿಂದ 10ರವರೆಗೆ ಅಂಕವೂ ಇದೆ. ಉದಾಹರಣೆಗೆ, 2022ರ ಮೇ ತಿಂಗಳಲ್ಲಿ ಎಫ್5 ಕಂಪನಿಯ ‘ಬಿಗ್-ಐಪಿ’ ಎಂಬ ಲೋಡ್ ಬ್ಯಾಲೆನ್ಸರ್‌ನಲ್ಲಿ ಕಂಡುಬಂದ ದೋಷಕ್ಕೆ ಸಿಕ್ಕ ಅಂಕ 9.8. ಪಾಸ್‌ವರ್ಡ್ ಇಲ್ಲದೆಯೇ ಯಂತ್ರಕ್ಕೆ ಆಜ್ಞೆ ಕೊಡಲು ಅದು ದಾರಿ ಬಿಡುತ್ತಿತ್ತು. ಕಂಪನಿ ಅದನ್ನು ಪ್ರಕಟಿಸಿ ತಿದ್ದುಪಡಿ ಕೊಟ್ಟ ಕೆಲವೇ ದಿನಗಳಲ್ಲಿ ದಾಳಿಗಳು ಶುರುವಾದವು.

ಇಲ್ಲೇ ಒಂದು ಇಕ್ಕಟ್ಟಿದೆ. ದೋಷವನ್ನು ಪ್ರಕಟಿಸಿದರೆ ಯಂತ್ರದ ಮಾಲೀಕನಿಗೂ ಗೊತ್ತಾಗುತ್ತದೆ, ಕಳ್ಳನಿಗೂ ಗೊತ್ತಾಗುತ್ತದೆ. ಪ್ರಕಟಿಸದಿದ್ದರೆ ಕಳ್ಳ ತಾನಾಗಿ ಕಂಡುಹಿಡಿದಾಗ ಮಾಲೀಕ ಕತ್ತಲಲ್ಲಿರುತ್ತಾನೆ. ಆದ್ದರಿಂದ ತಿದ್ದುಪಡಿಯ ಜೊತೆಗೇ ಪ್ರಕಟಿಸುವುದು ವಾಡಿಕೆ. ಪ್ರಕಟವಾದ ಕ್ಷಣದಿಂದ ಓಟ ಶುರು. ಬೀಗ ಬದಲಾಯಿಸುವವನು ಮೊದಲೋ, ಬೀಗ ಮುರಿಯುವವನು ಮೊದಲೋ?

ಓಟದಲ್ಲಿ ಹಿಂದೆ ಬಿದ್ದರೆ: ಡ್ಯೂಸೆಲ್‌ಡಾರ್ಫ್ ಆಸ್ಪತ್ರೆಯ ಕಥೆ

2019ರ ಡಿಸೆಂಬರ್ 17ರಂದು ಸಿಟ್ರಿಕ್ಸ್ ಕಂಪನಿ ತನ್ನ ಟ್ರಾಫಿಕ್ ನಿಭಾಯಿಸುವ ಯಂತ್ರಗಳಲ್ಲಿ ಒಂದು ಗಂಭೀರ ದೋಷವಿದೆ ಎಂದು ಪ್ರಕಟಿಸಿತು. ಆಗ ಪೂರ್ಣ ತಿದ್ದುಪಡಿ ಸಿದ್ಧವಿರಲಿಲ್ಲ, ತಾತ್ಕಾಲಿಕ ಪರಿಹಾರವನ್ನಷ್ಟೇ ಕೊಟ್ಟಿತು. ತಿದ್ದುಪಡಿ ಬಂದದ್ದು 2020ರ ಜನವರಿ ಉತ್ತರಾರ್ಧದಲ್ಲಿ. ಅಷ್ಟರೊಳಗೆ ದಾಳಿ ಮಾಡುವ ವಿಧಾನ ಇಂಟರ್ನೆಟ್‌ನಲ್ಲಿ ಎಲ್ಲರ ಕೈಗೂ ಸಿಗುವಂತಾಗಿತ್ತು.

ಜರ್ಮನಿಯ ಡ್ಯೂಸೆಲ್‌ಡಾರ್ಫ್ ವಿಶ್ವವಿದ್ಯಾಲಯದ ಆಸ್ಪತ್ರೆ ತಿದ್ದುಪಡಿ ಬಂದ ಕೂಡಲೇ ಅಳವಡಿಸಿಕೊಂಡೆವು ಎಂದು ಹೇಳಿದೆ. ಆದರೂ 2020ರ ಸೆಪ್ಟೆಂಬರ್ 10ರಂದು ಅದರ ಸುಮಾರು 30 ಸರ್ವರ್‌ಗಳು ಬೀಗ ಹಾಕಿದಂತಾದವು. ಒತ್ತೆಹಣ ಕೇಳುವ ಪತ್ರ ಸಿಕ್ಕಿತು. ತಿದ್ದುಪಡಿಗೆ ಮುಂಚಿನ ಆ ಕಿಂಡಿಯ ಅವಧಿಯಲ್ಲೇ ಯಾರೋ ಒಳಗೆ ನುಸುಳಿ, ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತಿದ್ದರು ಎಂಬುದು ವಿವರಣೆ. ಪತ್ರದಲ್ಲಿದ್ದ ಹೆಸರು ಆಸ್ಪತ್ರೆಯದ್ದಲ್ಲ, ವಿಶ್ವವಿದ್ಯಾಲಯದ್ದು. ‘ನೀವು ಹೊಡೆದಿರುವುದು ಆಸ್ಪತ್ರೆಗೆ, ರೋಗಿಗಳ ಜೀವಕ್ಕೆ ಅಪಾಯವಿದೆ’ ಎಂದು ಪೊಲೀಸರು ತಿಳಿಸಿದಾಗ ದಾಳಿಕೋರರು ದುಡ್ಡು ಕೇಳದೆ ಬೀಗದ ಕೈ ಕೊಟ್ಟು ಮರೆಯಾದರು. ಆದರೂ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ ಸುಮಾರು ಎರಡು ವಾರ ಆಂಬುಲೆನ್ಸ್‌ಗಳನ್ನು ತೆಗೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಆ ದಿನಗಳಲ್ಲಿ 78 ವರ್ಷದ ಮಹಿಳೆಯೊಬ್ಬರನ್ನು 30 ಕಿಲೋಮೀಟರ್‌ಗೂ ಹೆಚ್ಚು ದೂರದ ವುಪ್ಪರ್ಟಾಲ್‌ಗೆ ಒಯ್ಯಬೇಕಾಯಿತು. ಚಿಕಿತ್ಸೆ ಸುಮಾರು ಒಂದು ಗಂಟೆ ತಡವಾಯಿತು. ಅವರು ತೀರಿಕೊಂಡರು. ‘ಸೈಬರ್ ದಾಳಿಯಿಂದ ಜಗತ್ತಿನ ಮೊದಲ ಸಾವು’ ಎಂದು ಸುದ್ದಿ ಎಲ್ಲೆಡೆ ಹಬ್ಬಿತು. ಈಗಲೂ ಅದೇ ಸಾಲು ಫಾರ್ವರ್ಡ್‌ಗಳಲ್ಲಿ, ಭಾಷಣಗಳಲ್ಲಿ ಬರುತ್ತದೆ.

ಮುಂದೇನಾಯಿತು ಎಂಬುದು ಅಷ್ಟು ಹಬ್ಬಲಿಲ್ಲ. ಜರ್ಮನಿಯ ಪ್ರಾಸಿಕ್ಯೂಟರ್‌ಗಳು ಎರಡು ತಿಂಗಳು ತನಿಖೆ ನಡೆಸಿದರು. ಆ ಮಹಿಳೆಯ ಕಾಯಿಲೆ ಎಷ್ಟು ತೀವ್ರವಾಗಿತ್ತೆಂದರೆ, ತಡವೇ ಸಾವಿಗೆ ಕಾರಣ ಎಂದು ಕಾನೂನಿನ ಮುಂದೆ ಸಾಬೀತು ಮಾಡಲಾಗದು ಎಂಬ ನಿಲುವಿಗೆ ಬಂದರು. ದಾಳಿ ನಿಜ, ತಡ ನಿಜ, ಸಾವೂ ನಿಜ. ಒಂದರಿಂದ ಇನ್ನೊಂದಾಯಿತು ಎಂಬುದು ಮಾತ್ರ ಸಾಬೀತಾಗಲಿಲ್ಲ. ಸುಳ್ಳು ಸುದ್ದಿ ಯಾವಾಗಲೂ ಪೂರ್ತಿ ಸುಳ್ಳಾಗಿರುವುದಿಲ್ಲ. ಮೂರು ನಿಜಗಳ ನಡುವೆ ಸಾಬೀತಾಗದ ಒಂದು ‘ಆದ್ದರಿಂದ’ ಸೇರಿಸಿದರೂ ಸಾಕು.

ಬೀಗ ಬದಲಾಯಿಸಿದರೂ ಒಳಗಿದ್ದವನು ಹೋಗಲಿಲ್ಲ

ಅಪ್‌ಡೇಟ್ ಹಾಕಿದರೆ ಎಲ್ಲ ಮುಗಿಯಿತು ಎನ್ನುವುದೂ ಒಂದು ತಪ್ಪು ನಂಬಿಕೆ. 2023ರ ಅಕ್ಟೋಬರ್ 10ರಂದು ಸಿಟ್ರಿಕ್ಸ್‌ನ ಅದೇ ವರ್ಗದ ಯಂತ್ರಗಳಿಗೆ ಇನ್ನೊಂದು ತಿದ್ದುಪಡಿ ಬಂತು. ‘ಸಿಟ್ರಿಕ್ಸ್ ಬ್ಲೀಡ್’ ಎಂದು ಹೆಸರಾದ ಈ ದೋಷದ ಮೂಲಕ ದಾಳಿಕೋರರು ಯಂತ್ರದ ನೆನಪಿನಿಂದ ‘ಸೆಷನ್ ಟೋಕನ್’ಗಳನ್ನು ಕದಿಯಬಹುದಿತ್ತು. ನಮ್ಮ ಮದುವೆ ಮನೆಯ ಲೆಕ್ಕದಲ್ಲಿ ಅದು ಊಟದ ಕೂಪನ್ ಇದ್ದಂತೆ. ಬಾಗಿಲಲ್ಲಿ ಹೊಸ ಕಾವಲುಗಾರನನ್ನು ನಿಲ್ಲಿಸಿದರೂ, ಮೊದಲೇ ಕದ್ದ ಕೂಪನ್ ಕೈಯಲ್ಲಿದ್ದವನು ನಿಶ್ಚಿಂತೆಯಿಂದ ಒಳಗೆ ಬರುತ್ತಾನೆ. ಅಪ್‌ಡೇಟ್ ಹಾಕಿದ ಮೇಲೆ ಹಳೆಯ ಕೂಪನ್‌ಗಳನ್ನೆಲ್ಲ ರದ್ದು ಮಾಡಲೇಬೇಕಿತ್ತು.

ಅಮೆರಿಕದ ಕಾಮ್‌ಕಾಸ್ಟ್ ಕಂಪನಿಯ ಜಾಲಕ್ಕೆ ದಾಳಿಕೋರರು ಈ ದಾರಿಯಿಂದ ನುಗ್ಗಿದ್ದು ಅಕ್ಟೋಬರ್ 16ರಿಂದ 19ರ ನಡುವೆ. ಅಂದರೆ ತಿದ್ದುಪಡಿ ಬಿಡುಗಡೆಯಾಗಿ ಆರರಿಂದ ಒಂಬತ್ತು ದಿನಗಳಷ್ಟೇ ಕಳೆದಿದ್ದವು. ಸುಮಾರು 3.6 ಕೋಟಿ ಗ್ರಾಹಕರ ಮಾಹಿತಿ ಅಪಾಯಕ್ಕೆ ಸಿಲುಕಿತು. ‘ಮುಂದಿನ ತಿಂಗಳು ನೋಡೋಣ’ ಎನ್ನುವಷ್ಟು ಬಿಡುವು ಈಗ ಯಾರಿಗೂ ಇಲ್ಲ.

ಅವಸರದಲ್ಲಿ ಹಾಕಿದರೆ? ಆಸ್ಟ್ರೇಲಿಯಾದ ಪಾಠ

ಹಾಗಾದರೆ ಬಂದ ಅಪ್‌ಡೇಟನ್ನು ಬಂದ ಕ್ಷಣವೇ ಹಾಕಿಬಿಡಬೇಕೇ? ಇದಕ್ಕೆ ಉತ್ತರ ಆಸ್ಟ್ರೇಲಿಯಾದಿಂದ ಬರುತ್ತದೆ.

ನಮ್ಮಲ್ಲಿ ತುರ್ತು ಕರೆಗೆ 112 ಇದ್ದಂತೆ ಅಲ್ಲಿ 000 ಇದೆ. 2025ರ ಸೆಪ್ಟೆಂಬರ್ 18ರ ನಡುರಾತ್ರಿ ಕಳೆದ ಮೇಲೆ ಅಲ್ಲಿನ ಆಪ್ಟಸ್ ಎಂಬ ದೂರಸಂಪರ್ಕ ಕಂಪನಿ ಒಂದು ಫೈರ್‌ವಾಲ್‌ನ ಅಪ್‌ಗ್ರೇಡ್ ಕೈಗೊಂಡಿತು. ಜನ ಮಲಗಿರುವ ಹೊತ್ತು ಎಂದೇ ಇಂಥ ಕೆಲಸಕ್ಕೆ ರಾತ್ರಿಯನ್ನು ಆರಿಸುತ್ತಾರೆ. ಕೆಲಸ ಮುಗಿದ ಮೇಲೆ ಮಾಮೂಲಿ ಕರೆಗಳು ಹೋಗುತ್ತಿದ್ದವು, ಇಂಟರ್ನೆಟ್ ಬರುತ್ತಿತ್ತು. ಎಲ್ಲ ಸರಿಯಿದೆ ಎಂದೇ ಕಂಡಿತು. ಆದರೆ ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾ ಮತ್ತು ಉತ್ತರ ಪ್ರಾಂತ್ಯದಲ್ಲಿ ನೂರಾರು ತುರ್ತು ಕರೆಗಳು ಸೇರಲಿಲ್ಲ. ಸುಮಾರು 13 ಗಂಟೆ ಹೀಗೇ ನಡೆಯಿತು.

ಕರೆ ಹೋಗುತ್ತಿಲ್ಲ ಎಂದು ಕೆಲವು ಗ್ರಾಹಕರು ಬೆಳಿಗ್ಗೆಯೇ ಕಂಪನಿಗೆ ತಿಳಿಸಿದ್ದರು. ಆ ದೂರು ಬೇಕಾದ ಕಿವಿಗೆ ಬೀಳಲಿಲ್ಲ. ಅಪ್‌ಗ್ರೇಡ್ ವೇಳೆ ಪಾಲಿಸಬೇಕಾದ ನಿಗದಿತ ಕ್ರಮಗಳನ್ನು ಪಾಲಿಸಿರಲಿಲ್ಲ ಎಂದು ಕಂಪನಿ ಆಮೇಲೆ ಒಪ್ಪಿಕೊಂಡಿತು. ಕರೆ ಸೇರದೇ ಹೋದ ಮನೆಗಳಲ್ಲಿ ಸಾವುಗಳಾಗಿವೆ ಎಂದೂ ಕಂಪನಿಯೇ ಪ್ರಕಟಿಸಿತು. ಡ್ಯೂಸೆಲ್‌ಡಾರ್ಫ್‌ನಲ್ಲಿ ಕಲಿತ ಎಚ್ಚರ ಇಲ್ಲೂ ಬೇಕು. ಕರೆ ಸಿಕ್ಕಿದ್ದರೆ ಯಾರು ಬದುಕುತ್ತಿದ್ದರು ಎಂದು ನಾವು ಫೋನ್ ಹಿಡಿದು ಕೂತು ತೀರ್ಪು ಕೊಡಲಾಗದು. ಆದರೆ ಕಷ್ಟದಲ್ಲಿದ್ದ ಮನೆಯೊಂದು ಸಹಾಯಕ್ಕೆ ಕರೆದಾಗ ಆ ಕಡೆಯಿಂದ ಯಾರೂ ಎತ್ತಲಿಲ್ಲ ಎಂಬುದು ಸಾಕಷ್ಟು ದೊಡ್ಡ ವಿಷಯ.

ಡ್ಯೂಸೆಲ್‌ಡಾರ್ಫ್‌ನಲ್ಲಿ ತೊಂದರೆಯಾದದ್ದು ತಿದ್ದುಪಡಿ ಬರುವ ಮುನ್ನ ದೋಷ ತೆರೆದಿದ್ದುದರಿಂದ. ಆಸ್ಟ್ರೇಲಿಯಾದಲ್ಲಿ ತೊಂದರೆಯಾದದ್ದು ಅಪ್‌ಗ್ರೇಡ್ ಮಾಡಿದ ರೀತಿಯಿಂದ. ಅಪ್‌ಡೇಟ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಸರಿಯಿಲ್ಲ. ಎಷ್ಟು ಬೇಗ, ಎಷ್ಟು ಜೋಪಾನವಾಗಿ, ಆಮೇಲೆ ಯಾರು ಪರೀಕ್ಷಿಸಿ ನೋಡಿದರು ಎಂಬುದೇ ಪ್ರಶ್ನೆ.

ಸರಿಯಾಗಿ ಮಾಡುವವರು ಹೇಗೆ ಮಾಡುತ್ತಾರೆ?

ಇದಕ್ಕೆ ಕ್ರಮಗಳಿವೆ, ರಹಸ್ಯವೇನೂ ಇಲ್ಲ.

ಮೊದಲು ದೋಷಗಳ ಪಟ್ಟಿ ಓದುತ್ತಾರೆ. ನಮ್ಮಲ್ಲಿರುವ ಮಾದರಿಗೆ, ನಾವು ಬಳಸುವ ಸೌಲಭ್ಯಕ್ಕೆ ಇದರಲ್ಲಿ ಏನಾದರೂ ತಗಲುತ್ತದೆಯೇ ಎಂದು ನೋಡುತ್ತಾರೆ.

ಇಂಥ ಯಂತ್ರಗಳನ್ನು ಸಾಮಾನ್ಯವಾಗಿ ಜೋಡಿಯಾಗಿ ಇಟ್ಟಿರುತ್ತಾರೆ. ಒಂದು ಕೆಲಸ ಮಾಡುತ್ತಿದ್ದರೆ ಇನ್ನೊಂದು ಕಾದಿರುತ್ತದೆ. ಕಾದಿರುವುದಕ್ಕೆ ಮೊದಲು ಅಪ್‌ಡೇಟ್ ಹಾಕಿ, ಸರಿಯಿದೆ ಎಂದು ಖಾತ್ರಿಯಾದ ಮೇಲೆ ಕೆಲಸವನ್ನು ಅದಕ್ಕೆ ಒಪ್ಪಿಸಿ, ಆಮೇಲೆ ಮೊದಲನೆಯದನ್ನು ಮುಟ್ಟುತ್ತಾರೆ. ದೊಡ್ಡ ಜಾಲವಾದರೆ ಮೊದಲು ಒಂದು ಸಣ್ಣ ಭಾಗಕ್ಕೆ ಮಾತ್ರ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕುತ್ತೇವಲ್ಲ, ಹಾಗೆ.

ಹಿಂದಕ್ಕೆ ಬರುವ ದಾರಿ ಸಿದ್ಧವಿಟ್ಟುಕೊಳ್ಳುತ್ತಾರೆ. ಹಳೆಯ ಸಾಫ್ಟ್‌ವೇರ್ ಮತ್ತು ಸೆಟ್ಟಿಂಗ್‌ಗಳ ಪ್ರತಿ ಕೈಗೆಟುಕುವಂತಿರಬೇಕು. ಅದೂ ಕೆಟ್ಟುಹೋಗಬಹುದಾದ ಜಾಲದ ಒಳಗಲ್ಲ. ಫೇಸ್‌ಬುಕ್‌ನವರು ಆ ರಾತ್ರಿ ಕಲಿತ ಪಾಠ ಇದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಸೇವೆಯನ್ನು ಬೇರೆಯಾಗಿ ಪರೀಕ್ಷಿಸುತ್ತಾರೆ. ‘ನೆಟ್ ಬರುತ್ತಿದೆ’ ಎಂದರೆ ‘ಎಲ್ಲವೂ ಸರಿಯಿದೆ’ ಎಂದಲ್ಲ. ತುರ್ತು ಕರೆ ಹೋಗುತ್ತಿದೆಯೇ ಎಂದು ಗೊತ್ತಾಗುವುದು ಒಂದು ಪರೀಕ್ಷಾ ಕರೆ ಮಾಡಿ ನೋಡಿದಾಗ ಮಾತ್ರ.

ನಮ್ಮ ಮನೆಯ ಡಬ್ಬಿಯ ಕಥೆ ಏನು?

ಇದೆಲ್ಲ ದೊಡ್ಡ ಕಂಪನಿಗಳ ವಿಷಯ ಎಂದುಕೊಳ್ಳಬೇಡಿ. ನಿಮ್ಮ ಮನೆಯ ಟಿವಿ ಪಕ್ಕ, ಕಿಟಕಿಯ ಮೇಲೆ ಕೂತಿರುವ ವೈಫೈ ರೂಟರ್ ಕೂಡ ಇದೇ ಕುಲದ್ದು, ಸಣ್ಣದು ಅಷ್ಟೇ. ತಂದು ಸಿಕ್ಕಿಸಿದ ದಿನದಿಂದ ಅದನ್ನು ಯಾರೂ ಮಾತಾಡಿಸಿರುವುದಿಲ್ಲ. ನೆಟ್ ನಿಧಾನವಾದಾಗ ಆಫ್ ಮಾಡಿ ಆನ್ ಮಾಡುವುದಷ್ಟೇ ಅದಕ್ಕೆ ಸಿಗುವ ಆರೈಕೆ.

2018ರ ಮೇ ತಿಂಗಳಲ್ಲಿ ‘ವಿಪಿಎನ್‌ಫಿಲ್ಟರ್’ ಎಂಬ ಕಿಡಿಗೇಡಿ ಸಾಫ್ಟ್‌ವೇರ್ ಕನಿಷ್ಠ 54 ದೇಶಗಳಲ್ಲಿ 5 ಲಕ್ಷದಷ್ಟು ಉಪಕರಣಗಳನ್ನು ಹೊಕ್ಕಿದೆ ಎಂದು ಸಿಸ್ಕೋ ಕಂಪನಿಯ ಸಂಶೋಧಕರು ಅಂದಾಜಿಸಿದರು. ಹೆಚ್ಚಿನವು ಮನೆ ಮತ್ತು ಸಣ್ಣ ಕಚೇರಿಗಳ ರೂಟರ್‌ಗಳು. ಒಮ್ಮೆ ರೀಸ್ಟಾರ್ಟ್ ಮಾಡಿ ಎಂದು ಅಮೆರಿಕದ ಎಫ್‌ಬಿಐ ಜನರಿಗೆ ಕರೆ ಕೊಟ್ಟಿತು. ಅದರಿಂದ ಅದರ ಅಪಾಯಕಾರಿ ಭಾಗಗಳು ಅಳಿಯುತ್ತಿದ್ದವು, ಆದರೆ ಬೇರು ಉಳಿಯುತ್ತಿತ್ತು. ಪೂರ್ತಿ ತೆಗೆಯಲು ಫ್ಯಾಕ್ಟರಿ ರೀಸೆಟ್ ಮಾಡಿ ಹೊಸ ಸಾಫ್ಟ್‌ವೇರ್ ಹಾಕಬೇಕಿತ್ತು. ‘ಆಫ್ ಮಾಡಿ ಆನ್ ಮಾಡಿದರೆ ವೈರಸ್ ಹೋಗುತ್ತದೆ’ ಎಂಬ ಮಾತು ಅರ್ಧ ಮಾತ್ರ ನಿಜ.

ನೀವು ಮಾಡಬಹುದಾದದ್ದು ಇಷ್ಟು:

• ರೂಟರ್ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ವೈಫೈ ಪಾಸ್‌ವರ್ಡ್ ಬೇರೆ, ಅಡ್ಮಿನ್ ಪಾಸ್‌ವರ್ಡ್ ಬೇರೆ.

• ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ‘ಫರ್ಮ್‌ವೇರ್ ಅಪ್‌ಡೇಟ್’ ಎಂಬ ಜಾಗ ಇರುತ್ತದೆ. ತಾನಾಗಿ ಅಪ್‌ಡೇಟ್ ಆಗುವ ಆಯ್ಕೆ ಇದ್ದರೆ ಆನ್ ಮಾಡಿ. ಗೊತ್ತಾಗದಿದ್ದರೆ ನೆಟ್ ಕನೆಕ್ಷನ್ ಕೊಟ್ಟವರನ್ನು ಕೇಳಿ, ಇದು ಕೇಳಬೇಕಾದ ಪ್ರಶ್ನೆಯೇ.

• ಅಪ್‌ಡೇಟ್ ಆಗುತ್ತಿರುವಾಗ ಪ್ಲಗ್ ಕೀಳಬೇಡಿ. ಕರೆಂಟ್ ಹೋಗುವ ಸಂಭವವಿದ್ದರೆ ಆ ಹೊತ್ತು ಬಿಟ್ಟು ಬೇರೆ ಹೊತ್ತು ನೋಡಿಕೊಳ್ಳಿ.

• ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಹಳೆಯ ರೂಟರ್ ಆದರೆ, ಅದು ಕೆಲಸ ಮಾಡುತ್ತಿದ್ದರೂ ಬದಲಾಯಿಸುವ ಯೋಚನೆ ಮಾಡಿ.

• ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ ಏನನ್ನೂ ಅಪ್‌ಡೇಟ್ ಮಾಡಬೇಡಿ. ‘ಪಿಂಕ್ ವಾಟ್ಸಾಪ್’ ಹೆಸರಿನಲ್ಲಿ ಬಂದ ಲಿಂಕ್‌ಗಳು ಹೊಸ ಬಣ್ಣದ ಆಸೆ ತೋರಿಸಿ ಫೋನಿಗೆ ಕಿಡಿಗೇಡಿ ಆ್ಯಪ್ ಹಾಕುತ್ತಿದ್ದವು. ಅಸಲಿ ಅಪ್‌ಡೇಟ್ ಫೋನಿನ ಸೆಟ್ಟಿಂಗ್ಸ್‌ನಿಂದ ಅಥವಾ ಅಧಿಕೃತ ಆ್ಯಪ್ ಸ್ಟೋರ್‌ನಿಂದ ಬರುತ್ತದೆ, ಗ್ರೂಪಿನಿಂದಲ್ಲ.

ನಮ್ಮ ದೇಶದಲ್ಲಿ ಇಂಥ ದೋಷಗಳ ಬಗ್ಗೆ ಅಧಿಕೃತ ಎಚ್ಚರಿಕೆ ಕೊಡುವ ಸಂಸ್ಥೆ ಸರ್ಟ್-ಇನ್. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಡಿಯಲ್ಲಿ 2004ರಿಂದ ಕೆಲಸ ಮಾಡುತ್ತಿದೆ. ಅದರದೇ ‘ಸೈಬರ್ ಸ್ವಚ್ಛತಾ ಕೇಂದ್ರ’ದಲ್ಲಿ ಉಪಕರಣ ಶುಚಿ ಮಾಡುವ ಉಚಿತ ಸಾಧನಗಳೂ ಸಿಗುತ್ತವೆ. ಯಾವುದೋ ದೋಷದ ಬಗ್ಗೆ ಭಯ ಹುಟ್ಟಿಸುವ ಫಾರ್ವರ್ಡ್ ಬಂದರೆ ಮೊದಲು ಅಲ್ಲಿ ಹುಡುಕಿ.

ಮುಂದಿನ ಸಲ ನೆಟ್ ನಿಂತಾಗ

ನಿಲ್ಲುವುದಂತೂ ಖಂಡಿತ. ಆಗ ಕಾರಣ ಹೇಳುವ ಸಂದೇಶಗಳು ಕಾರಣ ತಿಳಿಯುವ ಮುಂಚೆಯೇ ಬರುತ್ತವೆ. ಮೊದಲ ಒಂದೆರಡು ಗಂಟೆಯಲ್ಲಿ ಆ ಕಂಪನಿಯ ಎಂಜಿನಿಯರ್‌ಗಳಿಗೇ ಕಾರಣ ಗೊತ್ತಿರುವುದಿಲ್ಲ, ಸಂದೇಶ ಬರೆದವರಿಗೆ ಹೇಗೆ ಗೊತ್ತಾಗುತ್ತದೆ? ಹ್ಯಾಕರ್‌ಗಳು ಎಂದೂ ಕಾರಣವಾಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಡ್ಯೂಸೆಲ್‌ಡಾರ್ಫ್‌ನಲ್ಲಿ ಅವರೇ ಕಾರಣ. ಸರ್ಕಾರ ನೆಟ್ ನಿಲ್ಲಿಸುವುದೇ ಇಲ್ಲ ಎಂದೂ ಅಲ್ಲ, ಹಾಗೆ ನಿಲ್ಲಿಸುವಾಗ ಅಧಿಕೃತ ಆದೇಶ ಇರಬೇಕು, ಅದನ್ನು ಹುಡುಕಿ ನೋಡಬಹುದು. ಯಾವುದೂ ಇಲ್ಲದಿದ್ದರೆ, ಎಲ್ಲೋ ಒಂದು ಡಬ್ಬಿಗೆ ಮಾಡಿದ ಬದಲಾವಣೆ ಎಡವಿರುವ ಸಾಧ್ಯತೆಯನ್ನು ಮರೆಯಬೇಡಿ.

ಒಂದು ದಿನ ಕಾಯಿರಿ. ಒಳ್ಳೆಯ ಕಂಪನಿ ಏನಾಯಿತು ಎಂದು ಬರೆದು ಪ್ರಕಟಿಸುತ್ತದೆ. ಪ್ರಕಟಿಸದಿದ್ದರೆ ಕೇಳುವುದು ಗ್ರಾಹಕರಾದ ನಮ್ಮ ಹಕ್ಕು: ಏನು ಬದಲಾಯಿಸಿದಿರಿ, ಪರೀಕ್ಷಿಸಿದಿರಾ, ತುರ್ತು ಕರೆ ಹೋಗುತ್ತಿತ್ತೇ?

ಆ ಸಂದೇಶದ ಬದಲು ಈ ವಿವರಣೆಯನ್ನು ನಾನು ಅತ್ತೆಗೆ ಕಳಿಸಿದೆ. ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದರು: ‘ನಮ್ಮ ಮನೆ ಡಬ್ಬಿ ತಂದು ಎಷ್ಟು ವರ್ಷ ಆಯ್ತಮ್ಮ?’ ಫಾರ್ವರ್ಡ್ ಮಾಡುವ ಮುನ್ನ ನೀವೂ ಒಮ್ಮೆ ಎದ್ದು ಹೋಗಿ ನಿಮ್ಮ ಮನೆಯದನ್ನು ನೋಡಿ ಬನ್ನಿ.